ಕೂಡುವ ಬೀದಿ, ನಿಲ್ಲುವ ಬೀದಿ

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಅಲ್ಲಿನ ಹಳೆಯ ಪೇಟೆಯಲ್ಲಿ ದಾರಿ ತಪ್ಪಿದವನಿಗೂ ಭಯವಿಲ್ಲ. ಯಾವ ಸಂದಿಯನ್ನು ಹೊಕ್ಕರೂ ಬಹುಮಟ್ಟಿಗೆ ಮತ್ತೊಂದು ಬೀದಿಗೇ ಹೊರಡುತ್ತಾನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನಲಾದ ಆ ಪೇಟೆಗೆ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕವೇ ಹೃದಯ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಅಡ್ಡರಸ್ತೆ ಮುಖ್ಯರಸ್ತೆಗಳು ಚದುರಂಗದ ಮಣೆಯ ಗೆರೆಗಳಂತೆ ಸಂಧಿಸುತ್ತವೆ.

ಸರ್ಜಾಪುರದ ಕಡೆಗೆ ಹೊರಟರೆ ನೋಟವೇ ಬೇರೆ. ನಗರವು ಹೊಲಗಳ ಮೇಲೆ ಹರಡಿದೆ. ರಸ್ತೆಗಳು ಹೆಚ್ಚಿವೆ, ಕೂಡುವುದನ್ನು ಮರೆತಿವೆ. ಒಬ್ಬೊಬ್ಬರ ಜಮೀನಿಗೊಂದು ಬಡಾವಣೆ, ಬಡಾವಣೆಗೊಂದು ಗೋಡೆ, ಗೋಡೆಗೊಂದು ಗೇಟು. ಒಳಗಿನ ಬೀದಿ ಗೋಡೆಯನ್ನು ಮುಟ್ಟಿ ನಿಂತುಬಿಡುತ್ತದೆ. ಶಾಲೆ ಗೋಡೆಯಾಚೆಯೇ ಇದ್ದರೂ ಮಗು ಹೆದ್ದಾರಿಗೆ ಬಂದು ಬಳಸಿಯೇ ಹೋಗಬೇಕು. ನಡಿಗೆಯ ದೂರಕ್ಕೆ ವಾಹನ ಬೇಕಾಗುತ್ತದೆ. (ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಯುವ ಶಾಸ್ತ್ರ ಬೇರೆ!) ಎಲ್ಲರ ವಾಹನಗಳೂ ಅದೊಂದೇ ರಸ್ತೆಗೆ ಬೀಳುವಾಗ, ಅದನ್ನೆಷ್ಟು ಅಗಲಿಸಿದರೂ ಸಾಲದು.

ನಮ್ಮ ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಸುತ್ತಲಿನ ರಾಗಿ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಏಳುತ್ತಿವೆ. ಮನೆಯನ್ನು ಕೆಡವಿ ಕಟ್ಟಬಹುದು; ಒಮ್ಮೆ ಎಳೆದ ಬೀದಿಯ ಗೆರೆ ಸುಲಭವಾಗಿ ಅಳಿಯದೆಂಬುದಕ್ಕೆ ಆ ಪೇಟೆಯೇ ಸಾಕ್ಷಿ. ನಿವೇಶನ ಕೊಳ್ಳಹೊರಟ ಬಂಧುಗಳು ಬೆಲೆ ಕೇಳುವ ಮುನ್ನ ನಕ್ಷೆಯನ್ನು ಬಿಡಿಸಲಿ. ಬೀದಿಯ ತುದಿ ಪಕ್ಕದ ಹೊಲದತ್ತ ತೆರೆದಿದೆಯೇ ಎಂದು ನೋಡಲಿ.