ಇಳಿಜಾರಿಗೆ ಅಂಜಬೇಡಿ, ಮಾಸ್ತರೇ

ಭೂತನಾಳ

ಪ್ರಿಯ ಮಾಸ್ತರೇ,

ನಿಮ್ಮ ಪತ್ರ ಮುಟ್ಟಿತು. ಟಿವಿಯಲ್ಲಿ ಸ್ಕೀ ಜಂಪಿಂಗ್ ನೋಡಿ “ಇವ್ರಿಗೇನು ಜೀವದ ಮ್ಯಾಲ ಆಸೆ ಇಲ್ಲೇನ್ರಿ?” ಎಂದು ಕೇಳಿದ್ದೀರಿ. ಅದರ ಬೆನ್ನಿಗೇ ಇನ್ನೊಂದು ಚಿಂತೆ: ಮಗಳು ಸೈಕ್ಲಿಂಗ್ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ, ಸೈಕಲ್ ಪಂದ್ಯದ ಟ್ರ್ಯಾಕಾದ ವೆಲೋಡ್ರೋಮಿನ ಗೋಡೆಯಂಥ ತಿರುವುಗಳ ವಿಡಿಯೋ ನೋಡಿ ನಿಮ್ಮ ಎದೆ ಧಸಕ್ಕೆಂದಿದೆ. ಎರಡಕ್ಕೂ ಸೇರಿಸಿಯೇ ಬರೆಯುತ್ತೇನೆ. ಯಾಕೆಂದರೆ ಎರಡೂ ಕಡೆ ನಮ್ಮನ್ನು ಅಂಜಿಸುವುದು ಇಳಿಜಾರು, ಆಟಗಾರರನ್ನು ಕಾಯುವುದೂ ಅದೇ ಇಳಿಜಾರು.

ಮೊದಲು ಹಿಮದ ಮಾತು. ಕೈಯಲ್ಲಿ ಕೋಲಿಲ್ಲ, ಕಾಲಿಗೆ ಆಳೆತ್ತರ ಮೀರಿದ ಎರಡು ಸ್ಕೀ ಹಲಗೆಗಳು. ಎತ್ತರದ ಅಡ್ಡಪಟ್ಟಿಯ ಮೇಲೆ ಕೂತ ಆಟಗಾರ ಕೆಳಗಿನಿಂದ ಕೋಚ್ ಬಾವುಟ ಬೀಸಿದ ಕೂಡಲೇ ಕುಕ್ಕರಗಾಲಲ್ಲಿ ಜಾರತೊಡಗುತ್ತಾನೆ. ದೊಡ್ಡ ಬೆಟ್ಟವಾದರೆ ಜಾರುದಾರಿಯ ತುದಿ ಮುಟ್ಟುವಷ್ಟರಲ್ಲಿ ವೇಗ ಗಂಟೆಗೆ 90 ಕಿ.ಮೀ. ಆಸುಪಾಸಿಗೆ ಬಂದಿರುತ್ತದೆ. ಆ ತುದಿ ಮೇಲಕ್ಕೆ ಬಾಗಿದೆ ಎಂದು ನಮಗೆ ತೋರುತ್ತದಲ್ಲ, ಅದು ಕಣ್ಣಿನ ಮೋಸ. ಸುಮಾರು ಹತ್ತು-ಹನ್ನೊಂದು ಡಿಗ್ರಿ ಕೆಳಮುಖವಾಗಿಯೇ ಅದನ್ನು ಕಟ್ಟಿರುತ್ತಾರೆ. ರೆಪ್ಪೆ ಬಡಿಯುವಷ್ಟರಲ್ಲಿ ಮೊಣಕಾಲು ನೆಟ್ಟಗೆ ಮಾಡಿ ಚಿಮ್ಮಬೇಕು. ಚೂರು ಮುಂಚೆಯಾದರೂ ಚೂರು ತಡವಾದರೂ ಕಾಲಿನ ಬಲ ಗಾಳಿಪಾಲು.

ಮುಂದಿನದು ಗಾಳಿಯ ಕೆಲಸ. ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಬಿಗಿದಿರುತ್ತದೆ, ಹಿಮ್ಮಡಿ ಸಡಿಲ. ಹಾಗಾಗಿ ಆಟಗಾರ ಮುಂದಕ್ಕೆ ಬಾಗಿ ಹೆಚ್ಚುಕಡಿಮೆ ಸ್ಕೀಗಳ ಮೇಲೆಯೇ ಮಲಗಿ ತೇಲುತ್ತಾನೆ. ಮೊದಲೆಲ್ಲ ಸ್ಕೀಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಹಾರುತ್ತಿದ್ದರು. 1980ರ ದಶಕದಲ್ಲಿ ಸ್ವೀಡನ್ನಿನ ಯಾನ್ ಬೊಕ್ಲೊವ್ ಮುಂದಿನ ತುದಿಗಳನ್ನು ಅಗಲಿಸಿ ಇಂಗ್ಲಿಷಿನ ‘ವಿ’ ಆಕಾರ ಮಾಡಿದರು. ಅದು ಚಂದವಿಲ್ಲವೆಂದು ತೀರ್ಪುಗಾರರು ಅಂಕ ಕತ್ತರಿಸಿದರು. ಗಾಳಿ ಮಾತ್ರ ಅವರನ್ನು ಹೆಚ್ಚು ಎತ್ತಿ ಹಿಡಿಯಿತು. ಕತ್ತರಿಸಿದ ಅಂಕವನ್ನು ದೂರದಲ್ಲಿ ಗಳಿಸಿಕೊಂಡು 1988-89ರ ವಿಶ್ವಕಪ್ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿ ಹಿಡಿದರು.

ಈಗ ನಿಮ್ಮ ಪ್ರಶ್ನೆ: ಅಷ್ಟು ಎತ್ತರದಿಂದ ಬಿದ್ದರೂ ಕಾಲು ಹೇಗೆ ಉಳಿಯುತ್ತದೆ? ಅವರು ಅಷ್ಟು ಎತ್ತರದಲ್ಲಿ ಇರುವುದೇ ಇಲ್ಲ, ಮಾಸ್ತರೇ. ಹಾರುವ ದಾರಿಯ ಬಾಗಿಗೆ ತಕ್ಕಂತೆಯೇ ಕೆಳಗಿನ ಬೆಟ್ಟವನ್ನೂ ಬಾಗಿಸಿರುತ್ತಾರೆ. ಆಟಗಾರ ಇಳಿದಂತೆ ನೆಲವೂ ಇಳಿಯುತ್ತದೆ, ನಡುವಿನ ಅಂತರ ಕೆಲವೇ ಮೀಟರ್. ಕಾಲೂರುವ ಜಾಗದಲ್ಲಿ ಇಳುಕಲು ಮೂವತ್ತು ಡಿಗ್ರಿಗೂ ಕಡಿದಾಗಿರುವುದರಿಂದ ವೇಗದ ಬಹುಪಾಲು ಮುಂದಕ್ಕೆ ಜಾರಿಹೋಗುತ್ತದೆ, ಮೊಣಕಾಲಿಗೆ ತಾಗುವುದು ಸ್ವಲ್ಪವೇ. ಆ ಇಳುಕಲು ಮುಗಿದು ನೆಲ ಸಮವಾಗುವ ಕಡೆ ಬಿದ್ದರೆ ಮಾತ್ರ ಪೂರ್ತಿ ಪೆಟ್ಟು ದೇಹಕ್ಕೆ. ಅಂದರೆ ಈ ಆಟದಲ್ಲಿ ಅತಿ ದೂರ ಹಾರುವುದೇ ಅತಿ ದೊಡ್ಡ ಅಪಾಯ.

ನಿಯಮಗಳೆಲ್ಲ ಇದರ ಸುತ್ತಲೇ ಹೆಣೆದುಕೊಂಡಿವೆ. ಪ್ರತಿ ಬೆಟ್ಟಕ್ಕೂ ‘ಕೆ’ ಎಂಬ ಗುರುತಿದೆ. ಅಲ್ಲಿಗೆ ಹಾರಿದರೆ 60 ಅಂಕ. ‘ಕೆ’ 120 ಮೀಟರಿನಲ್ಲಿರುವ ದೊಡ್ಡ ಬೆಟ್ಟದಲ್ಲಿ ಆಮೇಲಿನ ಒಂದೊಂದು ಮೀಟರಿಗೂ 1.8 ಅಂಕ. 130 ಮೀಟರ್ ಹಾರಿದವನಿಗೆ 78 ಆಯಿತು. ಇದರ ಮೇಲೆ ಐವರು ತೀರ್ಪುಗಾರರು ತಲಾ 20ರ ಒಳಗೆ ಶೈಲಿಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಒಂದು ಕಾಲು ಮುಂದಿಟ್ಟು ಮೊಣಕಾಲು ಬಾಗಿಸಿ ಇಳಿಯುವ ಟೆಲಿಮಾರ್ಕ್ ಭಂಗಿ ತಪ್ಪಿದರೆ ಅಂಕ ಖೋತಾ. ಎದುರುಗಾಳಿ ರೆಕ್ಕೆ ಕೊಡುತ್ತದೆ, ಆದ್ದರಿಂದ ಅದಕ್ಕೆ ಅಂಕ ಕಳೆಯುತ್ತಾರೆ. ಹಿಂದಿನಿಂದ ಗಾಳಿ ಬೀಸಿದರೆ ಕೂಡಿಸುತ್ತಾರೆ. ಎಲ್ಲರೂ ಅಳತೆ ಮೀರಿ ಹಾರತೊಡಗಿದರೆ ಹೊರಡುವ ಪಟ್ಟಿಯನ್ನೇ ಕೆಳಗಿಳಿಸಿ ವೇಗ ತಗ್ಗಿಸುತ್ತಾರೆ. ಹಗುರವಾದಷ್ಟೂ ದೂರ ಹಾರಬಹುದೆಂದು ಹುಡುಗರು ಉಪವಾಸ ಬೀಳಬಾರದಲ್ಲ, ಅದಕ್ಕೆ ಎತ್ತರಕ್ಕೆ ತಕ್ಕ ತೂಕ ಇಲ್ಲದವರ ಸ್ಕೀ ಉದ್ದವನ್ನು ಕಡಿತಗೊಳಿಸುತ್ತಾರೆ. ಉಡುಪು ಸಡಿಲವಿದ್ದರೆ ಗಾಳಿ ತುಂಬಿ ಹಾಯಿಯಾಗುತ್ತದೆಂದು ಅದನ್ನೂ ಅಳೆಯುತ್ತಾರೆ. 2025ರ ಮಾರ್ಚ್‌ನಲ್ಲಿ ಟ್ರಾನ್‌ಹೈಮಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆತಿಥೇಯ ನಾರ್ವೆಯವರೇ ಉಡುಪಿನ ಹೊಲಿಗೆಯಲ್ಲಿ ಕೈಚಳಕ ತೋರಿಸಿ ಸಿಕ್ಕಿಬಿದ್ದರು.

ಇಷ್ಟು ಕಾವಲಿದ್ದರೂ ದೂರ ಎಲ್ಲಿಗೆ ಮುಟ್ಟಿದೆ ನೋಡಿ. ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ 2025ರಲ್ಲಿ ಪ್ಲಾನಿಟ್ಸಾದ ದೈತ್ಯ ಬೆಟ್ಟದಲ್ಲಿ 254.5 ಮೀಟರ್ ಹಾರಿದರು. ನಮ್ಮ ಗೋಳಗುಮ್ಮಟದಂಥ ಐದು ಗುಮ್ಮಟಗಳನ್ನು ಸಾಲಾಗಿ ಮಲಗಿಸಿದರೆ ಆಗುವಷ್ಟು ಉದ್ದ!

ಹಾಗೆಂದು ಅಪಾಯವನ್ನು ಮುಚ್ಚಿಡಲಾರೆ. 2021ರಲ್ಲಿ ಅದೇ ಪ್ಲಾನಿಟ್ಸಾದಲ್ಲಿ ನಾರ್ವೆಯ ಡೇನಿಯಲ್ ಆಂದ್ರೆ ಟಾಂಡೆ ಗಾಳಿಯಲ್ಲೇ ಹತೋಟಿ ತಪ್ಪಿ ಬಿದ್ದರು. ಕೊರಳೆಲುಬು ಮುರಿಯಿತು, ಶ್ವಾಸಕೋಶಕ್ಕೆ ಪೆಟ್ಟಾಯಿತು, ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಅವರು ಚೇತರಿಸಿಕೊಂಡು ಮತ್ತೆ ಹಾರಿದರು. 2016ರಲ್ಲಿ ಆಸ್ಟ್ರಿಯಾದ ಕುಲ್ಮ್‌ನಲ್ಲಿ ಬಿದ್ದ ಲೂಕಸ್ ಮ್ಯುಲರ್‌ಗೆ ಆ ಭಾಗ್ಯ ಇರಲಿಲ್ಲ. ಸ್ಪರ್ಧಿಗಳಿಗಿಂತ ಮುಂಚೆ ಹಾರಿ ಬೆಟ್ಟ ಪರೀಕ್ಷಿಸುವ ಕೆಲಸ ಅವರದಾಗಿತ್ತು. ಬೆನ್ನುಹುರಿಗೆ ಏಟು ಬಿದ್ದು ಕಾಲುಗಳ ಬಲ ಹೋಯಿತು.

ಇನ್ನು ನಿಮ್ಮ ಮಗಳ ವಿಷಯ. ಹಿಮವಿಲ್ಲದ ನಮ್ಮ ನಾಡಿನಿಂದಲೂ ಕೊಡಗಿನ ಭವಾನಿಯಂಥವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ಗೆ ಹೋಗಿದ್ದಾರೆ. ಆದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳಿಗೆ ಒಲಿದದ್ದು ಸೈಕಲ್. ಡಾಂಬರು ರಸ್ತೆಯಲ್ಲಿ ಬಿಸಿಲು, ಟ್ರ್ಯಾಕ್ಟರು, ಲಾರಿಗಳ ನಡುವೆ ಪೆಡಲ್ ತುಳಿದೇ ಅವರು ರಾಷ್ಟ್ರಮಟ್ಟದ ಪದಕ ತಂದವರು. ಅದಕ್ಕೇ ನಮ್ಮ ಭೂತನಾಳದ ವೆಲೋಡ್ರೋಮಿಗೆ ಅಷ್ಟು ವರ್ಷ ಎಲ್ಲರೂ ಕಣ್ಣಿಟ್ಟು ಕೂತಿದ್ದುದು.

ವೆಲೋಡ್ರೋಮಿನ ಸೈಕಲ್ಲಿಗೆ ಬ್ರೇಕ್ ಇಲ್ಲ, ಚಕ್ರ ತಿರುಗುವ ತನಕ ಪೆಡಲೂ ತಿರುಗುತ್ತಲೇ ಇರುತ್ತದೆ. ಒಲಿಂಪಿಕ್ಸ್‌ನ 250 ಮೀಟರ್ ಟ್ರ್ಯಾಕಿನ ತಿರುವುಗಳು 40 ಡಿಗ್ರಿಗೂ ಹೆಚ್ಚು ಓರೆ. ಆ ಓರೆ ಇಲ್ಲದಿದ್ದರೆ ಗಂಟೆಗೆ 70 ಕಿ.ಮೀ. ವೇಗದಲ್ಲಿ ತಿರುಗುವ ಸೈಕಲ್ ಹೊರಕ್ಕೆ ಸಿಡಿದುಹೋಗುತ್ತಿತ್ತು. ಓರೆ ನೆಲ ಅದನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಅಂಜಿ ನಿಧಾನ ಮಾಡಿದವರೇ ಅಲ್ಲಿ ಜಾರಿ ಬೀಳುವುದು. ನಿಜವಾದ ಭಯ ಇರುವುದು ಡಿಕ್ಕಿಯಲ್ಲಿ. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಜರ್ಮನಿಯ ಕ್ರಿಸ್ಟಿನಾ ಫೋಗಲ್ 2018ರಲ್ಲಿ ತರಬೇತಿಯ ವೇಳೆ ಟ್ರ್ಯಾಕಿನಲ್ಲಿದ್ದ ಇನ್ನೊಬ್ಬ ಸವಾರನಿಗೆ ಗುದ್ದಿ ಬೆನ್ನುಹುರಿ ಮುರಿದುಕೊಂಡರು. ಅಂದಿನಿಂದ ಅವರು ಗಾಲಿಕುರ್ಚಿಯಲ್ಲಿದ್ದಾರೆ.

ಹಾಗಾಗಿ ಮಗಳನ್ನು ಸೇರಿಸುವಾಗ ತಿರುವು ಎಷ್ಟು ಕಡಿದು ಎಂದು ಕೇಳುತ್ತ ಕೂಡಬೇಡಿ. ಒಮ್ಮೆಗೆ ಎಷ್ಟು ಜನರನ್ನು ಟ್ರ್ಯಾಕಿಗೆ ಬಿಡುತ್ತಾರೆ, ಯಾರು ಒಳಬರುತ್ತಾರೆಂದು ಕೂಗಿ ಹೇಳುವವರು ಇದ್ದಾರೋ, ಕೆಳಗಿನ ಗೆರೆಯಲ್ಲಿ ಸ್ಥಿರವಾಗಿ ಓಡಿಸಲು ಕಲಿಸಿದ ಮೇಲಷ್ಟೇ ಮೇಲಕ್ಕೆ ಹತ್ತಿಸುತ್ತಾರೋ, ಬಿದ್ದರೆ ಆಸ್ಪತ್ರೆಗೆ ಒಯ್ಯಲು ಗಾಡಿ ತಯಾರಿದೆಯೋ, ಇವನ್ನು ಕೇಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಗೊಡಬೇಡಿ. ಸಮಾಧಾನದ ಉತ್ತರ ಸಿಕ್ಕರೆ ಫಾರ್ಮಿಗೆ ಸಹಿ ಮಾಡಿ, ಸಿಗದಿದ್ದರೆ ಆಕೆ ಎಷ್ಟೇ ಅತ್ತರೂ ಮಾಡಬೇಡಿ. ನಿಮ್ಮ ತಿಕೋಟಾದಿಂದ ಇಲ್ಲಿಗೆ ಏನು ಮಹಾ ದೂರ? ಮಗಳನ್ನೂ ಕರೆದುಕೊಂಡು ಬನ್ನಿ. ಈ ಪ್ರಶ್ನೆಗಳನ್ನು ಆಕೆಯೇ ಕೋಚ್‌ಗೆ ಕೇಳಲಿ, ಓಡಿಸುವವಳು ಅವಳಲ್ಲವೇ?



ಇಂತಿ,
ನಿಮ್ಮ ಗೆಳೆಯ