ಸಾರಿನಲ್ಲಿ ಕಾಳಿತ್ತಾ?



ಸ್ವಲ್ಪ ಉದ್ದದ ಪೋಸ್ಟ್. ಈ ಸಲ ಧರಣಿ, ಮನವಿಪತ್ರದ ವಿಷಯ ಅಲ್ಲ. ನಮ್ಮ ಮನೆಯ ದಿನಸಿ ಲೆಕ್ಕ. ಬರೆಯೋದಾ ಬೇಡ್ವಾ ಅಂತ ಮೂರು ತಿಂಗಳಿಂದ ಯೋಚನೆ ಮಾಡ್ತಿದ್ದೆ. ನಾಚಿಕೆಯ ವಿಷಯ, ಅದಕ್ಕೇ ಬರೀತಿದ್ದೀನಿ.

ಹೋದ ವರ್ಷ ನವೆಂಬರ್ 26, ಸಂವಿಧಾನ ದಿನ. ವಿಜಯನಗರದಲ್ಲಿ ಒಂದು ಸಣ್ಣ ಕಾರ್ಯಕ್ರಮ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮೈಕ್ ಹಿಡ್ಕೊಂಡು ಆಹಾರದ ಹಕ್ಕಿನ ಬಗ್ಗೆ ಮಾತಾಡ್ತಾ ಇದ್ದೆ. ಜೇಬಲ್ಲಿ ಫೋನ್ ಮೂರು ಸಲ ಬಡ್ಕೊಳ್ತು. ನಾಲ್ಕನೇ ಸಲಕ್ಕೆ ಎತ್ತಿದೆ. ಫಸ್ಟ್ ಪಿಯು ಓದ್ತಿರೋ ಮಗಳು ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಿದ್ದಳು.

ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತ ಪರೀಕ್ಷೆ ಮಾಡಿದ್ರು. ಹಿಮೋಗ್ಲೋಬಿನ್ 8.2. ಹನ್ನೆರಡಾದರೂ ಇರಬೇಕಂತೆ. ಡಾಕ್ಟರಮ್ಮ ನನ್ನ ಹೆಂಡತಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ನೀವೂ ಕೊಡಿಮ್ಮ ರಕ್ತ" ಅಂದ್ರು. ಅವಳದು 8.9. ನಾಲ್ಕೂ ಜನರದ್ದು ನೋಡೇಬಿಡೋಣ ಅಂತ ನನ್ನದು, ಮಗನದ್ದೂ ಆಯ್ತು. ನನಗೆ 14.1. ಮಗನಿಗೆ 13.

ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆ.

ಡಾಕ್ಟರಮ್ಮ ಭಾಷಣ ಮಾಡಲಿಲ್ಲ. ನನ್ನ ಹೆಂಡತಿಗೆ ಒಂದೇ ಪ್ರಶ್ನೆ ಕೇಳಿದ್ರು: "ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?"

"ಅನ್ನ, ಸಾರು ಮೇಡಂ."

"ಸಾರಿನಲ್ಲಿ ಕಾಳಿತ್ತಾ?"

ಅವಳು ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು. ನಿನ್ನೆ ರಾತ್ರಿಯ ಸಾರಿನಲ್ಲಿ ಕಾಳಿತ್ತು. ನಾನು ಉಂಡಿದ್ದೆ, ಮಗ ಉಂಡಿದ್ದ. ಸೌಟು ತಳ ಮುಟ್ಟಿ ನಮ್ಮಿಬ್ಬರ ತಟ್ಟೆಗೆ ಬಂದಿತ್ತು. ಅವರಿಬ್ಬರಿಗೆ ಮೇಲಿನ ತಿಳಿ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿ, ಕೊಪ್ಪಳ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರುವಾದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ದು ನಿಮಗೆ ನೆನಪಿದೆ. ಆಗ ಮೊಟ್ಟೆಯ ಪರವಾಗಿ ನಾನು ಇದೇ ಪೇಜಲ್ಲಿ ಎಷ್ಟು ಬರೆದೆ, ಎಷ್ಟು ಜಗಳ ಆಡಿದೆ. ನೀವೂ ಶೇರ್ ಮಾಡಿದ್ರಿ. ಬೀದರಿನ ಮಕ್ಕಳ ತಟ್ಟೆಯಲ್ಲಿ ಮೊಟ್ಟೆ ಇರಬೇಕು ಅಂತ ಬಡಿದಾಡಿದ ನನ್ನ ಮನೆಯೊಳಗೆ ಮೂರು ವರ್ಷದಿಂದ ಒಂದು ಮೊಟ್ಟೆ ಬೆಂದಿರಲಿಲ್ಲ.

ಯಾಕೆ? ಮನೆ ಓನರ್.

ನಾವಿದ್ದದ್ದು ಬಸವೇಶ್ವರನಗರದಲ್ಲಿ. ಬಸವಣ್ಣನ ಹೆಸರಿನ ಬಡಾವಣೆ. ಬಾಡಿಗೆಗೆ ಹೋದ ದಿನ ಓನರ್ ಜಾತಿ ಕೇಳಲಿಲ್ಲ, ಈಗ ಯಾರೂ ನೇರವಾಗಿ ಕೇಳಲ್ಲ. "ನೀವು ನಾನ್‌ವೆಜ್ ಮಾಡ್ತೀರಾ?" ಅಂದ್ರು. ಅದೂ ಅದೇ ಪ್ರಶ್ನೆ ಅಂತ ನಮಗೆ ಗೊತ್ತು. ಮಕ್ಕಳ ಸ್ಕೂಲು ಹತ್ತಿರ, ರಾಜಾಜಿನಗರದ ನನ್ನ ಆಫೀಸು ಹತ್ತಿರ, ನೀರು ಚೆನ್ನಾಗಿದೆ. "ಇಲ್ಲ ಸಾರ್, ನಾವು ಮಾಡಲ್ಲ" ಅಂದುಬಿಟ್ಟೆ. ವೇದಿಕೆ ಮೇಲೆ ಸ್ವಾಭಿಮಾನ ಅಂತ ಕೂಗೋ ಬಾಯಲ್ಲೇ ಅಂದೆ.

ಆಸ್ಪತ್ರೆಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ನಾನು ಗುಮಾಸ್ತ, ವೋಚರ್ ಬರೆದೇ ಜೀವನ. ಮಗಳ ಹಳೇ ನೋಟ್‌ಬುಕ್ ತಗೊಂಡು ಹಿಂದಿನ ತಿಂಗಳ ಖರ್ಚನ್ನೆಲ್ಲ ಫೋನ್ ಪೇಮೆಂಟ್ ನೋಡ್ಕೊಂಡು ಬರೆದೆ. ಅಕ್ಕಿ, ಬೇಳೆ, ಎಣ್ಣೆ, ಹಾಲು ಬಿಡಿ, ಅದು ಎಲ್ಲರ ಮನೆಯಲ್ಲೂ ಇರೋದೇ. ಅದು ಬಿಟ್ಟು ಉಳಿದದ್ದು ಹೀಗಿತ್ತು:

ಡಬ್ಬಿಯಲ್ಲಿ ಬರೋ ಹೆಲ್ತ್ ಡ್ರಿಂಕ್ ಪುಡಿ: 620
ಬಿಸ್ಕತ್ತು, ನೂಡಲ್ಸ್, ಚಿಪ್ಸ್, ಕುರುಕಲು: 1,340
ಮಗನಿಗೆ ಅಂತ ಬಾದಾಮಿ, ಗೋಡಂಬಿ: 540
ಪ್ಯಾಕೆಟ್ ಇಡ್ಲಿ ಹಿಟ್ಟು: 480
ಭಾನುವಾರದ ಹೋಟೆಲ್ ಬಿರಿಯಾನಿ: 2,600

ಒಟ್ಟು 5,580. ಮೊಟ್ಟೆ ಸೊನ್ನೆ. ಸೊಪ್ಪು ತಿಂಗಳಿಗೆ ನಾಲ್ಕೋ ಐದೋ ಕಟ್ಟು.

ಬಿರಿಯಾನಿ ಲೆಕ್ಕ ನೋಡಿ. ಮನೇಲಿ ಬಾಡು ಬೇಯಿಸೋ ಹಾಗಿಲ್ಲ, ಅದಕ್ಕೆ ಹೊರಗೆ. ನಾಲ್ಕೂ ಜನ ಹೋದ್ರೆ ಜೇಬು ಖಾಲಿ, ಅದಕ್ಕೆ ಎಷ್ಟೋ ಭಾನುವಾರ ಮಗ ಮತ್ತು ನಾನು ಮಾತ್ರ. "ನೀವು ಹೋಗ್ಬನ್ನಿ, ನನಗೆ ಹಸಿವಿಲ್ಲ" ಅನ್ನೋಳು ಅವಳು. ಅವಳ ಆ ಸುಳ್ಳನ್ನ ನಾನು ಉಳಿತಾಯ ಅಂದ್ಕೊಂಡಿದ್ದೆ.

ಈ ಲೆಕ್ಕದಲ್ಲಿ ದುಡ್ಡು ಎಲ್ಲಿ ಸೋರಿದೆ ಅಂತ ನಿಮಗೂ ಕಾಣ್ತದೆ. ಸೋರಿದ್ದು ಊಟಕ್ಕಲ್ಲ, ಮರ್ಯಾದೆಗೆ. ಹೆಲ್ತ್ ಡ್ರಿಂಕ್ ಡಬ್ಬಿ ಶೆಲ್ಫಿನಲ್ಲಿದ್ದರೆ ಮರ್ಯಾದೆ. ಬಾದಾಮಿ ತಿನ್ನೋ ಮಗ ಮರ್ಯಾದೆ. ಬೆಳ್ಳಗಿರೋ ಸೋನಾ ಮಸೂರಿ ಮರ್ಯಾದೆ. ಒಗ್ಗರಣೆ ವಾಸನೆ ಕೆಳಗಿನ ಮನೆಗೆ ಹೋಗದೇ ಇರೋದು ಮರ್ಯಾದೆ. ಈ ದಂಡ ನಾನು ಕಟ್ಟಿದೆ. ದಂಡಕ್ಕೆ ಬೇಕಾದ ಉಳಿತಾಯ ಮಾತ್ರ ಇಬ್ಬರು ಹೆಣ್ಣುಮಕ್ಕಳ ತಟ್ಟೆಯಿಂದ ಆಯ್ತು.

1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಜೈಪುರ ಸಂಸ್ಥಾನದ ಚಕ್ವಾರ ಅನ್ನೋ ಹಳ್ಳಿಯ ಘಟನೆ ಹೇಳ್ತಾರೆ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ತುಪ್ಪ ಹಾಕಿದ ಅಡುಗೆ ಮಾಡಿಸಿ ಬಡಿಸ್ತಾನೆ. ಊಟ ನಡೀತಿರುವಾಗಲೇ ಸವರ್ಣೀಯರು ನೂರಾರು ಜನ ದೊಣ್ಣೆ ಹಿಡ್ಕೊಂಡು ನುಗ್ಗಿ, ಅಡುಗೆ ಹಾಳು ಮಾಡಿ, ಉಣ್ತಿದ್ದವರನ್ನ ಬಡೀತಾರೆ. ತುಪ್ಪ ಅವನದೇ ದುಡ್ಡಿನದು. ಆದ್ರೂ ಉಣ್ಣೋ ಹಾಗಿಲ್ಲ. ಇದನ್ನ ನಾನು ಎಷ್ಟೋ ಅಧ್ಯಯನ ಶಿಬಿರದಲ್ಲಿ ಹೇಳಿದ್ದೀನಿ. ನಮ್ಮ ಮನೆಗೆ ಯಾರೂ ದೊಣ್ಣೆ ತರಲಿಲ್ಲ. ಒಂದು ಪ್ರಶ್ನೆ ಸಾಕಾಯ್ತು. ಒಲೆ ನಾನೇ ಆರಿಸಿದೆ.

ವಾರದೊಳಗೆ ಊರಿಂದ ಅವ್ವ ಬಂದಳು. ನಮ್ಮದು ಮಾಗಡಿ ಕಡೆ. ಮೊಮ್ಮಗಳ ಉಗುರು ಹಿಡಿದು ನೋಡಿ, "ಏನ್ಲಾ ಮಗಾ, ಹೆಣ್ಮಗಿಗೆ ಏನ್ ಹಾಕಿ ಸಾಕಿದ್ದೀಯ?" ಅಂದಳು. ಡಬ್ಬಿ ತೋರಿಸಿದೆ. ಮುಚ್ಚಳ ತೆಗೆದು ಮೂಸಿ ನೋಡಿ ಪಕ್ಕಕ್ಕಿಟ್ಟಳು.

ಅವ್ವ ಹೇಳಿದ್ದು ಹೊಸದೇನಲ್ಲ. ನಾನು ಕೇರಿಯಲ್ಲಿ ಉಂಡು ಬೆಳೆದದ್ದೇ. ರಾಗಿ ಮುದ್ದೆ, ಹುರುಳಿಕಾಳು ಬಸ್ಸಾರು, ಹೊಲದ ಬದುವಿನ ಬೆರಕೆ ಸೊಪ್ಪು, ನುಗ್ಗೆ ಸೊಪ್ಪು, ಒಣಮೀನು ಗೊಜ್ಜು. ಕುರಿ ಕೊಯ್ದ ದಿನ ಲಾಕಿ, ಬೋಟಿ. ಆಗೀಗ ದನದ ಬಾಡು. ನಮ್ಮ ಕೇರಿಗೆ ದಕ್ಕುತ್ತಿದ್ದ ಅತಿ ಅಗ್ಗದ ಪುಷ್ಟಿ ಅದೇ. ಈಗ ಅದಕ್ಕೆ 2020ರ ಗೋಹತ್ಯೆ ಕಾಯ್ದೆ ಅಡ್ಡ ಬಂದಿದೆ, ಅದರ ಬಗ್ಗೆ ಬೇರೆ ಬರೀತೀನಿ.

ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಅದು ಬಡತನದ ಊಟ, ಎಷ್ಟೋ ದಿನ ಅದೂ ಇರಲಿಲ್ಲ. ಅವ್ವನೂ ಕೊನೆಗೇ ಉಂಡವಳು. ಆದರೆ ಆ ಅಡುಗೆಯಲ್ಲಿ ಸತ್ವ ಇತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹುರುಳಿಕಾಳಿನಲ್ಲಿ ತೊಗರಿಬೇಳೆಯಷ್ಟೇ ಪ್ರೋಟೀನು, ನೂರು ಗ್ರಾಮಿಗೆ ಸುಮಾರು 22 ಗ್ರಾಂ. ಬೆಲೆ ತೊಗರಿಗಿಂತ ಎಷ್ಟೋ ಕಡಿಮೆ. ಹೊಲಗೇರಿಯ ಊಟ ಅಂತ ನಾವು ಬಚ್ಚಿಟ್ಟ ರಾಗಿಗೆ 2023ರಲ್ಲಿ ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಮಾಡಿತು. ಈಗ ಮಾಲ್‌ಗಳಲ್ಲಿ ಅದು ಕುಕೀಸ್ ಆಗಿ ಕೂತಿದೆ, ರೇಟು ನೋಡಿದ್ರೆ ಕೈ ಹಿಂದಕ್ಕೆ ಬರ್ತದೆ.

ಮರುದಿನ ಕೆಳಗಿಳಿದು ಓನರ್‌ಗೆ ಹೇಳಿದೆ. "ಸಾರ್, ಮಗಳಿಗೆ ರಕ್ತ ಇಲ್ಲ. ಇನ್ಮೇಲೆ ನಮ್ಮನೇಲಿ ಮೊಟ್ಟೆ, ಬಾಡು ಬೇಯ್ತದೆ." ಅವರು ಬೈಯಲಿಲ್ಲ. ಎರಡು ತಿಂಗಳು ಟೈಮ್ ಕೊಟ್ರು, ಖಾಲಿ ಮಾಡೋಕೆ. ಹನ್ನೊಂದು ಮನೆ ನೋಡಿದ್ವಿ. ಏಳು ಕಡೆ ಅದೇ ಪ್ರಶ್ನೆ. ಫೆಬ್ರವರಿಯಲ್ಲಿ ಕೆಂಗೇರಿ ಕಡೆ ಬಂದ್ವಿ. ಈ ಓನರಮ್ಮ ಕೇಳಿದ್ದು ಒಂದೇ, "ನೀರು ಹಿಡಿದು ಖರ್ಚು ಮಾಡ್ತೀರಾ?"

ಈಗ ನಾವು ಮಾಡ್ತಿರೋದು ಹೀಗೆ. ಬೇಕಾದವರು ಬರ್ಕೊಳ್ಳಿ.

ಮೊಟ್ಟೆ ತಿಂಗಳಿಗೆ ನಾಲ್ಕು ಟ್ರೇ, ಅಂದ್ರೆ 120. ನಾಲ್ಕು ಜನಕ್ಕೆ ದಿನಕ್ಕೊಂದು. ಸುಮಾರು 800. ರಾಗಿ 10 ಕೆಜಿ, ತಂದು ತೊಳೆದು ಒಣಗಿಸಿ ಮಿಲ್ ಮಾಡಿಸೋದು. 450. ಹುರುಳಿ, ಅಲಸಂದೆ, ಹೆಸರು, ಕಡಲೆ ಎಲ್ಲಾ ಸೇರಿ 5 ಕೆಜಿ, 450. ಕಡಲೆಕಾಯಿ ಬೀಜ ಒಂದೂವರೆ ಕೆಜಿ, 220. ಬಾದಾಮಿಯ ಜಾಗಕ್ಕೆ ಇದು. ಸೊಪ್ಪು ತಿಂಗಳಿಗೆ 600. ನಾನು ಆಫೀಸಿಂದ ಬರೋವಾಗ ವಿಜಯನಗರದಲ್ಲಿ ಇಳಿದು ಮಾರ್ಕೆಟಿಗೆ ಹೋಗ್ತೀನಿ. ರಾತ್ರಿ ಎಂಟರ ಮೇಲೆ ಸೊಪ್ಪಿನ ಅಮ್ಮಂದಿರು ಬುಟ್ಟಿ ಖಾಲಿ ಮಾಡೋ ಹೊತ್ತು. ಎರಡು ಕಟ್ಟಿನ ರೇಟಿಗೆ ಮೂರು ಸಿಗ್ತದೆ. ಮೂರಕ್ಕಿಂತ ಹೆಚ್ಚು ಚೌಕಾಸಿ ಮಾಡಬೇಡಿ, ಅವರೂ ಬೆಳಗಿನ ಜಾವ ಎದ್ದು ಬಂದವರು. ಭಾನುವಾರ ಮನೇಲೇ ಕೋಳಿ, ಇಲ್ಲಾಂದ್ರೆ ಕೋಳಿ ಈಲಿ, ಗುಂಡಿಗೆ. ಅದು ಬಾಡಿಗಿಂತ ಅಗ್ಗ, ರಕ್ತಕ್ಕೆ ಒಳ್ಳೇದು. ತಿಂಗಳಿಗೆ 1,000.

ಕೂಡಿ ನೋಡಿ, 3,520. ಮುದ್ದೆ ಬಂದ ಮೇಲೆ 25 ಕೆಜಿ ಅಕ್ಕಿ ಮೂಟೆ ಎರಡು ತಿಂಗಳು ಬರ್ತಿದೆ. ಎಲ್ಲಾ ಸೇರಿ ತಿಂಗಳಿಗೆ 2,800 ಚಿಲ್ಲರೆ ಉಳೀತದೆ. ಅದರಲ್ಲಿ ಹತ್ತಿರ ಹತ್ತಿರ 1,000 ಕೆಂಗೇರಿಯಿಂದ ಆಫೀಸಿಗೆ ನನ್ನ ಓಡಾಟಕ್ಕೆ ಹೆಚ್ಚಿಗೆ ಹೋಗ್ತಿದೆ, ಅದನ್ನೂ ಮುಚ್ಚಿಡಲ್ಲ. ಅಡ್ವಾನ್ಸು, ಮನೆ ಸಾಮಾನು ಸಾಗಿಸಿದ ಗಾಡಿ ಬಾಡಿಗೆ ಬೇರೆ. ಎಲ್ಲರಿಗೂ ಹೀಗೆ ಮನೆ ಬದಲಾಯಿಸೋಕೆ ಆಗಲ್ಲ ಅಂತ ಗೊತ್ತು.

ಕಾಳು ಮಾತ್ರ ನನ್ನ ಹೆಂಡತಿಯ ಡಿಪಾರ್ಟ್‌ಮೆಂಟ್. ಅವಳು, ಪಕ್ಕದ ಬೀದಿಯ ಮೂವರು ಹೆಣ್ಣುಮಕ್ಕಳು ಸೇರಿ ಎರಡು ತಿಂಗಳಿಗೊಮ್ಮೆ ಯಶವಂತಪುರ ಎಪಿಎಂಸಿಗೆ ಹೋಗ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಒಟ್ಟಿಗೆ ತಂದು ನಾಲ್ಕು ಮನೆಗೆ ಪಾಲು ಹಾಕ್ಕೋತಾರೆ. ಫ್ರೀ ಬಸ್ಸಲ್ಲಿ ಹೆಂಗಸರು ಸುಮ್ನೆ ಸುತ್ತುತಾರೆ ಅನ್ನೋರಿಗೆ ಆ ಕಾಳಿನ ಚೀಲ ಎತ್ತಿ ನೋಡೋಕೆ ಹೇಳಿ.

ಬಸ್ಸಾರಿನ ದಿನ ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಒಂದು ಪಾತ್ರೆಗೆ ಎರಡು ಅಡುಗೆ, ಗ್ಯಾಸೂ ಉಳೀತದೆ. ಊಟಕ್ಕೆ ಒಂದು ಹೋಳು ನಿಂಬೆಹಣ್ಣು. ಊಟ ಆದ ತಕ್ಷಣ ಟೀ ಕುಡಿಯೋದು ಬಿಟ್ವಿ, ಸೊಪ್ಪು-ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಟೀ ಬಿಡಲ್ಲ ಅಂತ ಡಾಕ್ಟರಮ್ಮ ಹೇಳಿದ್ರು. ಆಸ್ಪತ್ರೆಯ ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಬರೀ ಸೊಪ್ಪಿನಿಂದ ರಕ್ತ ಬಂತು ಅಂತ ನಾನು ಹೇಳಿದ್ರೆ ಅದು ಸುಳ್ಳಾಗ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಈಗ ಬಡಿಸೋದು ನಾನು. ಸೌಟು ಮೊದಲು ತಳ ಮುಟ್ಟೋದು ಮಗಳ ತಟ್ಟೆಗೆ, ಆಮೇಲೆ ಅವಳ ಅಮ್ಮನ ತಟ್ಟೆಗೆ. ಮೊದಮೊದಲು ನನ್ನ ಹೆಂಡತಿ ಕಾಳನ್ನ ಮತ್ತೆ ಮಗನ ತಟ್ಟೆಗೆ ಹಾಕೋಕೆ ಕೈ ಚಾಚೋಳು. ಇಪ್ಪತ್ತು ವರ್ಷದ ಅಭ್ಯಾಸ.

ಏಪ್ರಿಲ್ ಮೊದಲ ವಾರ ಮತ್ತೆ ಪರೀಕ್ಷೆ ಮಾಡಿಸಿದ್ವಿ. ಮಗಳದು 11.3, ಹೆಂಡತಿಯದು 10.8. ಇನ್ನೂ ಹನ್ನೆರಡು ಮುಟ್ಟಿಲ್ಲ. ರಿಪೋರ್ಟ್ ನೋಡಿ ಮಗಳು ಅಂದಳು, "ಅಪ್ಪಾ, ಏಪ್ರಿಲ್ 14ಕ್ಕೆ ಮತ್ತೆ ಮೊಟ್ಟೆ ಭಾಷಣ ಮಾಡ್ತೀಯಲ್ಲ, ಈ ಸಲ ನಮ್ಮನೆ ಕಥೇನೂ ಹೇಳು." ಮೈಕ್ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಆ ಅರ್ಧದಲ್ಲಿ ನಮ್ಮ ಹೋರಾಟಗಾರರ ಮನೆಯವರೂ ಇದ್ದಾರೆ.

ಅಣ್ಣಂದಿರೆ, ತಮ್ಮಂದಿರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಟ್ಟೆ ಅಲ್ಲ, ಪಕ್ಕದ ತಟ್ಟೆ ನೋಡಿ. ಸಾರಿನಲ್ಲಿ ಕಾಳಿದೆಯಾ ಅಂತ. ಅಕ್ಕಂದಿರೆ, ನಿಮ್ಮ ಮನೆಯ ಲೆಕ್ಕ, ನಿಮ್ಮ ಅವ್ವಂದಿರ ಅಡುಗೆ ಕೆಳಗೆ ಬರೀರಿ, ನಾವೂ ಕಲಿತೀವಿ.

ಜೈ ಭೀಮ್.