ವಿದ್ಯಾನಗರದಿಂದ ಒಂದು ಕ್ಯಾಮೆರಾ ಕಾಗದ

ವಿದ್ಯಾನಗರ, ಶಿವಮೊಗ್ಗ



ಚಿತ್ರದ ಬೆಳಕನ್ನು ತೀರ್ಮಾನಿಸುವ ಸಂಗತಿಗಳು ಮೂರು: ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್, ಸೆನ್ಸರಿಗೆ ಬೆಳಕು ತಾಕುವ ಹೊತ್ತಾದ ಶಟರ್ ವೇಗ, ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕೆನ್ನುವ ಐಎಸ್ಒ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಎಫ್/8ರಲ್ಲಿ 1/250 ಸೆಕೆಂಡು ಬೀಳುವ ಬೆಳಕೂ ಎಫ್/5.6ರಲ್ಲಿ 1/500 ಸೆಕೆಂಡು ಬೀಳುವ ಬೆಳಕೂ ಸಮ. ಬೆಳಕು ಸಮವಾದರೂ ಚಿತ್ರ ಬೇರೆ. ಮೊದಲನೆಯದರಲ್ಲಿ ಹಿಂದಿನ ಮರವೂ ಹೆಚ್ಚು ಸ್ಪಷ್ಟ, ಎರಡನೆಯದರಲ್ಲಿ ಓಡುವವನ ಕಾಲು ಹೆಚ್ಚು ನಿಚ್ಚಳ. ಮೂರರಲ್ಲಿ ಯಾವುದನ್ನು ಮೊದಲು ಗೊತ್ತುಮಾಡಬೇಕು ಎಂಬುದನ್ನು ಎದುರಿಗಿರುವ ವಸ್ತುವೇ ಹೇಳುತ್ತದೆ. ಶಿವಮೊಗ್ಗದ ಸುತ್ತಮುತ್ತ ಇದನ್ನು ಕಲಿಯಲು ಒಳ್ಳೆಯ ಜಾಗಗಳಿವೆ.

ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲ ಬಂತೆಂದರೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹಾರುವ ಹಕ್ಕಿಗೆ ಶಟರ್ ವೇಗವೇ ಮೊದಲು: ಕನಿಷ್ಠ 1/1000. ಮೋಡದ ದಿನ ಅಷ್ಟು ವೇಗ ಸಿಗಬೇಕಾದರೆ ಐಎಸ್ಒವನ್ನು 800ಕ್ಕೋ 1600ಕ್ಕೋ ಏರಿಸಲೇಬೇಕು. ಚಿತ್ರ ಸ್ವಲ್ಪ ಮರಳುಮರಳಾಗುತ್ತದೆ, ಆಗಲಿ. ಅಲುಗಿದ ಚಿತ್ರಕ್ಕಿಂತ ಅದು ಎಷ್ಟೋ ಮೇಲು. ಫಿಲ್ಮಿನ ಕಾಲದಲ್ಲಿ ಈ ಅನುಕೂಲವೇ ಇರಲಿಲ್ಲ. ರೋಲು ಹಾಕಿದಾಗಲೇ ಐಎಸ್ಒ ನಿಗದಿಯಾಗುತ್ತಿತ್ತು, ರೋಲಿಗೆ 36 ಚಿತ್ರ. ಪೂರ್ಣಚಂದ್ರ ತೇಜಸ್ವಿಯವರಂಥವರು ಮಲೆನಾಡಿನ ಮಬ್ಬು ಬೆಳಕಿನಲ್ಲಿ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಬಿದ್ದದ್ದು ಎಂಥ ತಾಳ್ಮೆಯ ಕೆಲಸವೆಂದು ಇದರಿಂದ ತಿಳಿಯುತ್ತದೆ.

ಮಂಡಗದ್ದೆಯಲ್ಲಿ ಇನ್ನೊಂದು ಪಾಠವಿದೆ. ಕ್ಯಾಮೆರಾದ ಮೀಟರು ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಡುಹಸಿರು ಎಲೆಗಳ ನಡುವೆ ಒಂದು ಬೆಳ್ಳಕ್ಕಿ ಕೂತಿದ್ದರೆ, ಎಲೆಗಳ ಕಪ್ಪನ್ನು ತಿಳಿಗೊಳಿಸುವ ಭರದಲ್ಲಿ ಹಕ್ಕಿಯ ಗರಿಗಳನ್ನು ಬರೀ ಬಿಳಿ ಮಚ್ಚೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಗುಂಡಿಯಲ್ಲಿ ಒಂದು ಸ್ಟಾಪ್ ಇಳಿಸಿದರೆ, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿದರೆ, ಗರಿ ಎಳೆ ಎಳೆಯಾಗಿ ಕಾಣುತ್ತದೆ. ಅದೇ ದಾರಿಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿಗೆ ಅಂಟಿಕೊಂಡ ಸಕ್ರೆಬೈಲಿನಲ್ಲಿ, ಬೆಳಿಗ್ಗೆ ಆನೆಗಳು ನೀರಿಗಿಳಿಯುವಾಗ ತೊಂದರೆ ತಿರುವುಮುರುವು. ಹೊಳೆಯುವ ನೀರನ್ನು ಕಂಡ ಮೀಟರು ಆನೆಯನ್ನು ಕಪ್ಪು ಗುಡ್ಡೆಯಾಗಿಸುತ್ತದೆ. ಅಲ್ಲಿ ಒಂದು ಸ್ಟಾಪ್ ಏರಿಸಬೇಕು.

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ಹೊಯ್ಸಳರ ತ್ರಿಕೂಟ. ಶಿಲ್ಪ ಅಲುಗುವುದಿಲ್ಲ, ಆದ್ದರಿಂದ ಇಲ್ಲಿ ಅಪರ್ಚರ್ ಮೊದಲು. ಹೊರಗೋಡೆಗೆ ಎಫ್/8 ಸರಿ. ಆದರೆ ಗೋಡೆಯ ಕೆತ್ತನೆಗೆ ಜೀವ ತುಂಬುವುದು ಅಡ್ಡ ಬೆಳಕು, ಬೆಳಿಗ್ಗೆ ಅಥವಾ ಇಳಿಹೊತ್ತಿನದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ನೆರಳು ಹೋಗಿ ಶಿಲ್ಪ ಚಪ್ಪಟೆಯಾಗುತ್ತದೆ. ಒಳಗಿನ ಕಂಬಗಳಿಗೆ ಮಬ್ಬು ಬೆಳಕೇ ಗತಿ: ಕಿಂಡಿಯನ್ನು ಪೂರ್ತಿ ತೆರೆದು, 1/30ರ ಆಸುಪಾಸು ಮೊಣಕೈಯನ್ನು ಮೈಗೊತ್ತಿ ಹಿಡಿಯಬೇಕು. ಗರ್ಭಗುಡಿಯ ಮುಂದೆ ಅರ್ಚಕರನ್ನು ಕೇಳದೆ ಕ್ಯಾಮೆರಾ ಎತ್ತಬಾರದು.

ಚೌಕಟ್ಟಿನ ಪಾಠಕ್ಕೆ ತುಂಗೆ, ಭದ್ರೆ ಕೂಡುವ ಕೂಡ್ಲಿಗಿಂತ ತಕ್ಕ ಜಾಗ ಹತ್ತಿರದಲ್ಲಿಲ್ಲ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿಕೊಂಡರೆ, ದಿಗಂತ ನಡುವೆ ಬಾರದೆ ಮೇಲಿನ ಅಥವಾ ಕೆಳಗಿನ ಗೆರೆಯ ಮೇಲೆ ಕೂರಬೇಕು. ಮೋಡ ಚೆನ್ನಾಗಿದ್ದರೆ ಆಕಾಶಕ್ಕೆ ಎರಡು ಪಾಲು, ನೀರಿನ ಮಡಿಕೆಗಳು ಚೆನ್ನಾಗಿದ್ದರೆ ನೀರಿಗೆ. ದಿಗಂತ ಓರೆಯಾದರೆ ಹೊಳೆ ಒಂದು ಕಡೆ ಸುರಿದುಹೋಗುವಂತೆ ಕಾಣುತ್ತದೆ. ದಡದ ಗೆರೆ ಚೌಕಟ್ಟಿನ ಮೂಲೆಯಿಂದ ಹೊರಟರೆ ಕಣ್ಣು ತಾನೇ ಸಂಗಮದತ್ತ ಸಾಗುತ್ತದೆ. ನೀರಿನಲ್ಲಿರುವ ಮನುಷ್ಯನಿಗೆ ಅವನು ನೋಡುವ ಕಡೆ ಹೆಚ್ಚು ಜಾಗ ಬಿಡಬೇಕು. ಹೊಸಬರ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ಕುಂದು ಎಂದರೆ ನಿಂತಲ್ಲೇ ನಿಂತು, ಕಣ್ಣಿನ ಎತ್ತರದಿಂದಲೇ ತೆಗೆಯುವುದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದಿನ ವಿದ್ಯುತ್ ಕಂಬ ಮರೆಯಾಗುತ್ತದೆ, ಮಂಡಿಯೂರಿದರೆ ಮರಿಯಾನೆ ದೊಡ್ಡದಾಗುತ್ತದೆ. ಜೂಮ್ ಇದನ್ನು ಮಾಡಿಕೊಡಲಾರದು.

ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನ ಒಳಗಾಜಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡು.

ಇಂತಿ,
ನಿನ್ನ ಅಕ್ಕ